ಇಂಪೋರ್ಟ್ ಫೋಲ್ಡರ್ ಯಾರದು?

2018ರ ಮೇ ಕೊನೆಯ ಸೋಮವಾರ. ಬೆಳಿಗ್ಗೆ ಆಫೀಸಿಗೆ ಕಾಲಿಡುತ್ತಿದ್ದ ಹಾಗೆ ಧಣಿಗಳು ಕ್ಯಾಬಿನ್‌ಗೆ ಕರೆದರು. ಮೇಜಿನ ಮೇಲೆ ಒಂದು ಪ್ರಿಂಟ್ ಇತ್ತು. ಶಿಪ್ಪಿಂಗ್ ಲೈನ್‌ನವರು ಕಳಿಸಿದ್ದ ಅರೈವಲ್ ನೋಟಿಸ್. ಹಡಗು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಬರುವ ದಿನ, ಕಂಟೇನರ್ ನಂಬರ್, ಗಿರಾಕಿಯ ಹೆಸರು ಎಲ್ಲ ಸರಿಯಾಗಿಯೇ ಇತ್ತು. ಮೇಲ್ ಬಂದದ್ದು ಹಿಂದಿನ ಮಂಗಳವಾರ. ನಾವು ನೋಡಿದ್ದು ಆ ಸೋಮವಾರ. ಅದು ಹೋಗಿದ್ದು ಇಂಪೋರ್ಟ್ ವಿಭಾಗದ ಒಬ್ಬ ಹುಡುಗನ ಸ್ವಂತ ಇನ್‌ಬಾಕ್ಸ್‌ಗೆ. ಅವನು ಅಕ್ಕನ ಮದುವೆಗೆ ಕುಂದಾಪುರಕ್ಕೆ ಹೋಗಿದ್ದ.

ಹಡಗು ಬಂದ ಮರುದಿನದೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಬಂದ ಸರಕಿನ ವಿವರ ಕಸ್ಟಮ್ಸ್‌ಗೆ ಕೊಡುವ ಅರ್ಜಿ, ಹಾಕಬೇಕು ಅನ್ನುವುದು ಆಗಿನ ನಿಯಮ. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಅದರ ಮೇಲೆ ಕಂಟೇನರ್ ಇಟ್ಟುಕೊಂಡಿದ್ದಕ್ಕೆ ಶಿಪ್ಪಿಂಗ್ ಲೈನ್‌ನ ಡಿಟೆನ್ಷನ್, ಯಾರ್ಡ್‌ನ ಬಾಡಿಗೆ. ಗಿರಾಕಿಯ ಹತ್ತಿರ ಹೋಗಿ ಇದನ್ನು ಕಟ್ಟಿ ಅನ್ನುವ ಮುಖ ನಮಗಿರಲಿಲ್ಲ. ಕಂಪನಿಯೇ ಕಟ್ಟಿತು.

"ಈ ಮೇಲ್ ಇಷ್ಟು ದಿನ ಎಲ್ಲಿತ್ತು?" ಧಣಿಗಳು ಕೇಳಿದ್ದು ಅಷ್ಟೇ. ಬೈಯಲಿಲ್ಲ.

"ಸರ್ವರ್‌ನಲ್ಲೇ ಇತ್ತು ಧಣಿ. ಅವನೊಬ್ಬನಿಗೆ ಮಾತ್ರ ಕಾಣ್ತಿತ್ತು."

"ಹಾಗಾದ್ರೆ ಎಲ್ಲರಿಗೂ ಕಾಣುವ ಹಾಗೆ ಮಾಡಿ ಮಾರಾಯ್ರೆ."

ಆ ಒಂದು ಮಾತಿನಿಂದ ಶುರುವಾದ ಕೆಲಸ, ಅಂದರೆ ಆಫೀಸಿನ ಮೇಲ್‌ಗಳನ್ನು ಎಲ್ಲರಿಗೂ ಕಾಣುವ ಪಬ್ಲಿಕ್ ಫೋಲ್ಡರ್‌ಗೆ ತರುವುದು, ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಸರ್ವರ್ ಮೇಲೆ ಕೂತು ಮಾಡಿದ್ದು ಅದರಲ್ಲಿ ಹೆಚ್ಚೆಂದರೆ ಎಂಟು ಹತ್ತು ದಿನ. ಉಳಿದದ್ದೆಲ್ಲ ಕೇಳುವುದು, ಬರೆದುಕೊಳ್ಳುವುದು, ತಪ್ಪು ಮಾಡುವುದು, ತಿದ್ದುವುದು. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಕಸ್ಟಮ್ಸ್ ಕ್ಲಿಯರಿಂಗ್ ಕಂಪನಿ, ಗಿರಾಕಿಗಳ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕೆಲಸ. ಮುಖ್ಯ ಆಫೀಸು ಮುಂಬೈಯ ಬಲ್ಲಾರ್ಡ್ ಎಸ್ಟೇಟ್‌ನ ಹಳೆಯ ಕಲ್ಲಿನ ಕಟ್ಟಡದಲ್ಲಿ. ಆಗ ಅಲ್ಲಿ 46 ಜನ. ನ್ಹಾವಾ ಶೇವಾ ಶಾಖೆಯಲ್ಲಿ 11, ಸಹಾರ್ ಏರ್ ಕಾರ್ಗೋದಲ್ಲಿ 5. ಅರ್ಧಕ್ಕಿಂತ ಜಾಸ್ತಿ ಜನ ಉಡುಪಿ, ಕುಂದಾಪುರ, ಕುಮಟಾ ಕಡೆಯವರು. ಹಾಗಾಗಿ ಆಫೀಸಿನಲ್ಲಿ ಮರಾಠಿ, ಹಿಂದಿಯ ಜೊತೆ ಕನ್ನಡ, ತುಳು ಸಲೀಸಾಗಿ ನಡೆಯುತ್ತದೆ. ಸಿಸ್ಟಮ್ಸ್ ವಿಭಾಗ ಅಂದರೆ ನಾನು ಮತ್ತು ಒಬ್ಬ ಸಹಾಯಕ. ನಾನು ಡೊಂಬಿವಲಿಯಿಂದ ದಿನಾ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಬಂದು, ಅಲ್ಲಿಂದ ನಡೆದು ಆಫೀಸು ಸೇರುವವನು. ಮೇಲ್‌ಗೆ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ 2016, ಸರ್ವರ್ ನಮ್ಮಲ್ಲೇ.

ಇಂಪೋರ್ಟ್‌ಗೆ ಒಂದು ಸಾಮಾನ್ಯ ಅಡ್ರೆಸ್ ಇರಲಿಲ್ಲವಾ? ಇತ್ತು. ಅದು ಡಿಸ್ಟ್ರಿಬ್ಯೂಷನ್ ಗ್ರೂಪ್. ಅಲ್ಲಿಗೆ ಬಂದ ಮೇಲ್ 9 ಜನರ ಇನ್‌ಬಾಕ್ಸ್‌ಗೆ ಒಂದೊಂದು ಪ್ರತಿಯಾಗಿ ಹೋಗುತ್ತಿತ್ತು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಬಿಎಲ್, ಸರಕು ಹಡಗಿಗೆ ಹತ್ತಿದ್ದಕ್ಕೆ ಶಿಪ್ಪಿಂಗ್ ಲೈನ್ ಕೊಡುವ ರಸೀದಿ) ಎಲ್ಲ ಸ್ಕ್ಯಾನ್ ಆಗಿ ಬರುತ್ತಿದ್ದುದರಿಂದ ಒಂದೊಂದು ಮೇಲ್ 6 ಎಂಬಿ, 8 ಎಂಬಿ. ಹಳೆಯ ಎಕ್ಸ್‌ಚೇಂಜ್‌ನಲ್ಲಿ ಒಂದೇ ಮೇಲ್ ಹಲವರಿಗೆ ಹೋದರೂ ಡೇಟಾಬೇಸ್‌ನಲ್ಲಿ ಒಂದೇ ಪ್ರತಿ ಇರುತ್ತಿತ್ತು. ಆ ಏರ್ಪಾಡನ್ನು ಎಕ್ಸ್‌ಚೇಂಜ್ 2010ರಲ್ಲಿ ತೆಗೆದುಬಿಟ್ಟರು. ಹೀಗಾಗಿ 9 ಪ್ರತಿ ಅಂದರೆ ನಿಜವಾಗಿಯೂ 9 ಪ್ರತಿ. ಅದಕ್ಕಿಂತ ದೊಡ್ಡ ತೊಂದರೆ ಉತ್ತರದ್ದು. ಒಬ್ಬರು ಕೊಟ್ಟ ಉತ್ತರ ಅವರ ಸೆಂಟ್ ಐಟಮ್ಸ್‌ನಲ್ಲಿ ಉಳಿಯುತ್ತಿತ್ತು, ಬಾಕಿ 8 ಜನರಿಗೆ ಗೊತ್ತಾಗುತ್ತಿರಲಿಲ್ಲ. ಗಿರಾಕಿಗಳು ಆ ಉತ್ತರದ ಮೇಲೇ ರಿಪ್ಲೈ ಒತ್ತುತ್ತಿದ್ದರು. ಮುಂದಿನ ಮಾತುಕತೆಯೆಲ್ಲ ಒಬ್ಬನ ಇನ್‌ಬಾಕ್ಸ್ ಒಳಗೆ ಸೇರಿಕೊಳ್ಳುತ್ತಿತ್ತು. ಆ ಅರೈವಲ್ ನೋಟಿಸ್ ಕೂಡ ಹೋದದ್ದು ಹೀಗೇ.

ಹಳೆಯ ಮೇಲ್‌ಗಳ ಕಥೆ ಇನ್ನೊಂದು. ಇನ್‌ಬಾಕ್ಸ್ ತುಂಬಿದಾಗ ಎಲ್ಲರೂ ಹಳೆಯ ಮೇಲ್‌ಗಳನ್ನು ಸರ್ವರ್‌ನಿಂದ ಇಳಿಸಿಡುವ ಪಿಎಸ್‌ಟಿ ಫೈಲ್ ಮಾಡಿಕೊಂಡು ತಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದರು. ಅದರ ಬ್ಯಾಕಪ್ ಇಲ್ಲ. ಆ ಮೇ ತಿಂಗಳಲ್ಲೇ ಹೊಸ ಕಸ್ಟಮ್ಸ್ ಬ್ರೋಕರ್ ಲೈಸೆನ್ಸಿಂಗ್ ನಿಯಮಾವಳಿ 2018 ಬಂದಿತ್ತು. ದಾಖಲೆಗಳನ್ನು ಕಡಿಮೆ ಅಂದರೆ 5 ವರ್ಷ ಇಟ್ಟುಕೊಂಡಿರಬೇಕು ಅಂತ ಅದರಲ್ಲಿದೆ. ನಮ್ಮ 5 ವರ್ಷ ಯಾವ್ಯಾವ ಹಾರ್ಡ್ ಡಿಸ್ಕ್‌ನಲ್ಲಿ ಚದುರಿ ಬಿದ್ದಿದೆ ಅಂತ ನನಗೇ ಗೊತ್ತಿರಲಿಲ್ಲ. ಇದನ್ನು ನೆನೆಸಿಕೊಂಡು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಪಬ್ಲಿಕ್ ಫೋಲ್ಡರ್ ಅನ್ನುವುದು ಎಕ್ಸ್‌ಚೇಂಜ್‌ನಲ್ಲಿ 1996ರ ಮೊದಲ ಆವೃತ್ತಿಯಿಂದಲೂ ಇದೆ. ಸರ್ವರ್‌ನಲ್ಲಿ ಒಂದು ಫೋಲ್ಡರ್ ಮರ. ಅನುಮತಿ ಇದ್ದವರೆಲ್ಲರ ಔಟ್‌ಲುಕ್‌ನಲ್ಲಿ, ಅಂದರೆ ಮೇಲ್ ಓದುವ ಪ್ರೋಗ್ರಾಂನಲ್ಲಿ, ಅದು ಕಾಣುತ್ತದೆ. ಬೇಕಿದ್ದರೆ ಫೋಲ್ಡರ್‌ಗೇ ಒಂದು ಮೇಲ್ ಅಡ್ರೆಸ್ ಕೊಡಬಹುದು. ಹೊರಗಿನಿಂದ ಬಂದ ಮೇಲ್ ನೇರ ಅದರೊಳಗೆ ಬಂದು ಕೂರುತ್ತದೆ. ನಮ್ಮ ಕಷ್ಟಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂತ ನನಗನ್ನಿಸಿತು. ಹಿಂದಿನ ಕೆಲಸದಲ್ಲಿ ಎಕ್ಸ್‌ಚೇಂಜ್ 2003ರಲ್ಲಿ ಇದನ್ನು ನೋಡಿಕೊಂಡ ಅನುಭವವೂ ಇತ್ತು. ಆ ಅನುಭವವನ್ನು ನಂಬಿ ನಾನು ಒಂದು ಕಡೆ ಎಡವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಮೂರು ವಾರ ಸರ್ವರ್ ಮುಟ್ಟಲಿಲ್ಲ. 200 ಪುಟದ ನೋಟ್‌ಬುಕ್ ಹಿಡಿದು ಪ್ರತಿ ಮೇಜಿಗೂ ಹೋದೆ. ಎಲ್ಲರಿಗೂ ಮೂರೇ ಪ್ರಶ್ನೆ. ನಿಮಗೆ ಬರುವ ಯಾವ ಮೇಲ್ ಬೇರೆಯವರಿಗೂ ಬೇಕು? ಯಾವುದನ್ನು ಬೇರೆಯವರು ನೋಡಬಾರದು? ನೀವು ರಜೆ ಹಾಕಿದರೆ ಆ ಮೇಲ್ ಯಾರು ನೋಡಬೇಕು? ಮೊದಲ ಎರಡಕ್ಕೆ ಉತ್ತರ ತಕ್ಷಣ ಸಿಗುತ್ತಿತ್ತು. ಮೂರನೆಯದಕ್ಕೆ ಹೆಚ್ಚಿನವರು ಪಕ್ಕದ ಮೇಜಿನ ಕಡೆ ನೋಡುತ್ತಿದ್ದರು. ಪಕ್ಕದ ಮೇಜಿನವರು ಇವರ ಕಡೆ.

ಆಗ ನನ್ನನ್ನು ದಾರಿಗೆ ಹಚ್ಚಿದವರು ಡಾಕ್ಯುಮೆಂಟೇಷನ್ ನೋಡಿಕೊಳ್ಳುವ ಅಕ್ಕ. ಕುಮಟಾದವರು, ಕಂಪನಿಯಲ್ಲಿ ಆಗಲೇ 22 ವರ್ಷ. ನಾನು ಗಿರಾಕಿಗೊಂದು ಫೋಲ್ಡರ್ ಅಂತ ನಕ್ಷೆ ಹಾಕಿಕೊಂಡು ಹೋಗಿದ್ದೆ. 180 ಗಿರಾಕಿ, 180 ಫೋಲ್ಡರ್. ಅಕ್ಕ ಕನ್ನಡಕ ಮೇಲೆ ಸರಿಸಿ ಹಾಳೆ ನೋಡಿದರು.

"ತಮ್ಮಾ, ಗಿರಾಕಿ ಫೋನ್ ಮಾಡಿದಾಗ ಏನು ಹೇಳ್ತಾನೆ ಗೊತ್ತುಂಟಾ?"

"ಹೆಸರು ಹೇಳ್ತಾನಲ್ಲ ಅಕ್ಕ."

"ಹೆಸರು ನಂಗೆ ದನಿಯಲ್ಲೇ ಗೊತ್ತಾಗ್ತದೆ. ಅವ ಹೇಳೋದು ಕಂಟೇನರ್ ನಂಬರ್. ಇನ್ನೊಬ್ಬ ಬಿಎಲ್ ನಂಬರ್ ಹೇಳ್ತಾನೆ. ಕಸ್ಟಮ್ಸ್‌ನವರು ಬಿಲ್ ಆಫ್ ಎಂಟ್ರಿ ನಂಬರ್ ಕೇಳ್ತಾರೆ. ಇದೆಲ್ಲ ಕೂಡಿಸೋದು ನಮ್ಮ ಜಾಬ್ ನಂಬರ್ ಒಂದೇ. ಅದು ನಿನ್ನ ಹಾಳೆಯಲ್ಲಿ ಎಲ್ಲಿದೆ?"

ಇರಲಿಲ್ಲ. ಜಾಬ್ ನಂಬರ್ ಅಂದರೆ ಕೈಗೆ ಬಂದ ಒಂದೊಂದು ಕೆಲಸಕ್ಕೆ ನಾವೇ ಕೊಡುವ ನಂಬರ್. ಆಮೇಲೆ ಅಕ್ಕ ತಮ್ಮ ಕಬ್ಬಿಣದ ಕಪಾಟು ತೆರೆದು ತೋರಿಸಿದರು. ಕಾಗದದ ಫೈಲುಗಳು. ಪ್ರತಿ ಫೈಲಿನ ಬೆನ್ನಿಗೆ ಜಾಬ್ ನಂಬರ್, ಕೆಂಪು ಇಂಕಿನಲ್ಲಿ. ಮೇಲಿನ ಅರೆಯಲ್ಲಿ ಈ ತಿಂಗಳದ್ದು, ಕೆಳಗೆ ಹೋದ ಹಾಗೆ ಹಳೆಯದು. ಗಿರಾಕಿಗಳ ಹೆಸರಿನ ಫೈಲುಗಳೂ ಇದ್ದವು, ಆದರೆ ಬೇರೆ ಕಪಾಟಿನಲ್ಲಿ. ಅವುಗಳಲ್ಲಿ ಆಥರೈಸೇಷನ್ ಪತ್ರ, ಐಇಸಿ (ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಕೋಡ್) ಪ್ರತಿ, ಜಿಎಸ್‌ಟಿ ಸರ್ಟಿಫಿಕೇಟ್ ಅಂಥ ಯಾವಾಗಲೂ ಬೇಕಾಗುವ ಕಾಗದ ಮಾತ್ರ. ಇಪ್ಪತ್ತೆರಡು ವರ್ಷ ದಿನಾ ಹುಡುಕಿ ಹುಡುಕಿ ಮಾಡಿಕೊಂಡ ಜೋಡಣೆ ಅದು. ನಾನು ಅದರ ಎದುರು ನಿಂತು ನೋಟ್‌ಬುಕ್‌ನಲ್ಲಿ ಕಪಾಟಿನ ಚಿತ್ರ ಬರೆದುಕೊಂಡೆ. ನಮ್ಮ ಫೋಲ್ಡರ್ ಮರ ಹುಟ್ಟಿದ್ದು ಅಲ್ಲಿ.

ಹಾಗಂತ ಜಾಬ್‌ಗೊಂದು ಫೋಲ್ಡರ್ ಮಾಡಲಿಲ್ಲ. ತಿಂಗಳಿಗೆ ಸುಮಾರು 300 ಜಾಬ್. ವರ್ಷಕ್ಕೆ 3,600 ಫೋಲ್ಡರ್ ಆಗುತ್ತದೆ. ಸರ್ವರ್‌ಗೆ ಅದೇನೂ ಭಾರವಲ್ಲ, ಆದರೆ ಔಟ್‌ಲುಕ್‌ನ ಎಡಗಡೆಯ ಪಟ್ಟಿಯಲ್ಲಿ ಅಷ್ಟನ್ನು ಇಳಿಸಿಕೊಂಡು ಹುಡುಕುವ ಮನುಷ್ಯನಿಗೆ ಭಾರ. ಅಕ್ಕನೂ ನಾನೂ ಕೂತು ಹೀಗೆ ಮಾಡಿದೆವು: ಇಂಪೋರ್ಟ್, ಅದರೊಳಗೆ ವರ್ಷ, ಅದರೊಳಗೆ ತಿಂಗಳು. ಜಾಬ್ ನಂಬರ್ ಮೇಲ್‌ನ ಸಬ್ಜೆಕ್ಟ್‌ನಲ್ಲಿ ಮೊದಲಿಗೇ ಬರಬೇಕು. ಎಕ್ಸ್‌ಪೋರ್ಟ್‌ಗೂ ಹಾಗೇ. ಗಿರಾಕಿಗಳ ಖಾಯಂ ಕಾಗದಕ್ಕೆ ಬೇರೆ ಕವಲು. ಕಸ್ಟಮ್ಸ್‌ನ ಸುತ್ತೋಲೆ, ನೋಟಿಫಿಕೇಷನ್‌ಗೆ ಒಂದು. ಎಲ್ಲರ ರಜೆ ಬರೆಯಲು ಒಂದು ಕ್ಯಾಲೆಂಡರ್ ಫೋಲ್ಡರ್. ಈ ಕ್ಯಾಲೆಂಡರ್ ಧಣಿಗಳ ಸಲಹೆ. ಇಡೀ ಏರ್ಪಾಡಿನಲ್ಲಿ ಮೊದಲ ದಿನದಿಂದ ಒಂದು ಗೊಣಗೂ ಇಲ್ಲದೆ ನಡೆದದ್ದು ಅದೊಂದೇ.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿದೆವು. "ಯಾರದು" ಅಂತ. ಪ್ರತಿ ಫೋಲ್ಡರ್‌ಗೂ ಒಬ್ಬ ಮನುಷ್ಯನ ಹೆಸರು. ವಿಭಾಗದ ಹೆಸರು ಬರೆಯುವ ಹಾಗಿಲ್ಲ. ಆ ಫೋಲ್ಡರ್‌ನಲ್ಲಿ ಏನು ಇರಬೇಕು, ಯಾರು ನೋಡಬೇಕು, ಯಾವಾಗ ಕಟ್ಟಿಡಬೇಕು ಅಂತ ಹೇಳುವವರು ಅವರು. ಇದಕ್ಕೆ ಹೆಸರು ಕೊಡಲು ಜನ ಹಿಂದೆ ಮುಂದೆ ನೋಡಿದರು, ನಾನು ಬಿಡಲಿಲ್ಲ. ಹೆಸರಿಲ್ಲದ ಫೋಲ್ಡರ್ ಮಾಡಿಕೊಡುವುದಿಲ್ಲ ಅಂತ ಖಂಡಿತವಾಗಿ ಹೇಳಿದೆ.

ಜುಲೈನಲ್ಲಿ ಸರ್ವರ್ ಕೆಲಸ ಶುರು. ಇಲ್ಲಿ ಹಳೆಯ ಅನುಭವ ಎಡವಿಸಿದ್ದು. 2010ರವರೆಗಿನ ಎಕ್ಸ್‌ಚೇಂಜ್‌ನಲ್ಲಿ ಪಬ್ಲಿಕ್ ಫೋಲ್ಡರ್‌ಗೆ ಬೇರೆಯೇ ಡೇಟಾಬೇಸ್ ಇರುತ್ತಿತ್ತು. ಎರಡು ಸರ್ವರ್ ಇದ್ದರೆ ಫೋಲ್ಡರ್‌ನ ಒಳಗಿದ್ದದ್ದು ಎರಡೂ ಕಡೆ ನಕಲಾಗುವ ಹಾಗೆ ಮಾಡಬಹುದಿತ್ತು. 2013ರಿಂದ ಅದು ಬದಲಾಗಿದೆ. ಈಗ ಪಬ್ಲಿಕ್ ಫೋಲ್ಡರ್ ಇರುವುದು ಒಂದು ವಿಶೇಷ ಜಾತಿಯ ಮೇಲ್‌ಬಾಕ್ಸ್ ಒಳಗೆ. ಆ ಮೇಲ್‌ಬಾಕ್ಸ್ ಎಲ್ಲ ಮೇಲ್‌ಬಾಕ್ಸ್‌ಗಳ ಹಾಗೆ ಮಾಮೂಲಿ ಡೇಟಾಬೇಸ್‌ನಲ್ಲಿ ಇರುತ್ತದೆ. ಮೊದಲು ಮಾಡಿದ ಪಬ್ಲಿಕ್ ಫೋಲ್ಡರ್ ಮೇಲ್‌ಬಾಕ್ಸ್‌ನಲ್ಲಿ ಮಾತ್ರ ಫೋಲ್ಡರ್ ಮರದ ಮೂಲ ಪ್ರತಿ ಇರುತ್ತದೆ, ಬದಲಾವಣೆ ಬರೆದುಕೊಳ್ಳುವುದು ಅದೊಂದೇ. ಉಳಿದವುಗಳಲ್ಲಿ ಮರದ ಓದುವ ಪ್ರತಿ. ಒಂದು ಫೋಲ್ಡರ್‌ನ ಒಳಗಿರುವ ಮೇಲ್‌ಗಳು ಮಾತ್ರ ಒಂದೇ ಮೇಲ್‌ಬಾಕ್ಸ್‌ನಲ್ಲಿ ಇರುತ್ತವೆ, ಬೇರೆ ಕಡೆ ನಕಲಾಗುವುದಿಲ್ಲ.

ನಾನು ಮೂರು ಮೇಲ್‌ಬಾಕ್ಸ್ ಮಾಡಿ "ಒಂದು ಹೋದರೂ ಎರಡು ಉಳಿಯುತ್ತವೆ" ಅಂತ ಧಣಿಗಳಿಗೆ ಹೇಳಿಬಿಟ್ಟಿದ್ದೆ. ಅದು ತಪ್ಪು. ಉಳಿಯುವುದು ಮರದ ಚಿತ್ರ, ಮೇಲ್ ಅಲ್ಲ. ಗೊತ್ತಾದ ದಿನವೇ ಹೋಗಿ ಹೇಳಿದ್ದು ತಪ್ಪಾಯಿತು ಅಂತ ಒಪ್ಪಿಕೊಂಡೆ. ಎರಡು ಸರ್ವರ್ ಸೇರಿಸಿ ಡೇಟಾಬೇಸ್‌ನ ಪ್ರತಿ ಇಡುವ ಏರ್ಪಾಡು ಇದೆ, ಆದರೆ ಆಗ ನಮ್ಮಲ್ಲಿ ಇದ್ದದ್ದು ಒಂದೇ ಸರ್ವರ್. ಹಾಗಾಗಿ ದಿನಾ ರಾತ್ರಿ ಬ್ಯಾಕಪ್, ವಾರಕ್ಕೊಂದು ಪ್ರತಿ ಆಫೀಸಿನ ಹೊರಗೆ. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಒಂದು ಫೋಲ್ಡರ್ ನಿಜವಾಗಿ ವಾಪಸ್ ತೆಗೆದು ನೋಡುವುದು. ಈ ಕೊನೆಯದನ್ನು ಯಾರೂ ಬಿಡಬೇಡಿ, ದಯವಿಟ್ಟು.

ಮೊದಲ ಮೇಲ್‌ಬಾಕ್ಸ್‌ನಲ್ಲಿ ಬರೀ ಮರ ಇಟ್ಟೆ. ಎರಡನೆಯದರಲ್ಲಿ ಇಂಪೋರ್ಟ್, ಮೂರನೆಯದರಲ್ಲಿ ಉಳಿದದ್ದೆಲ್ಲ. ಅಳಿಸಿದ ಮೇಲ್ 30 ದಿನ ವಾಪಸ್ ತೆಗೆಯಲು ಸಿಗುವ ಹಾಗೆ ಇಟ್ಟೆ. ಫೋಲ್ಡರ್ ಇಷ್ಟು ಬೆಳೆದರೆ ಎಚ್ಚರಿಕೆ ಕೊಡು, ಇಷ್ಟಾದರೆ ನಿಲ್ಲಿಸು ಅಂತ ಮಿತಿ ಹಾಕಿದೆ. ಇದೆಲ್ಲ ಒಂದು ಮಧ್ಯಾಹ್ನದ ಕೆಲಸ.

ಪರ್ಮಿಷನ್ ಕೊಡುವುದು ಹಾಗಲ್ಲ. ನನ್ನ ಮೊದಲ ನಿಯಮ, ಯಾವ ಫೋಲ್ಡರ್‌ಗೂ ವ್ಯಕ್ತಿಯ ಹೆಸರಲ್ಲಿ ಅನುಮತಿ ಇಲ್ಲ, ಗ್ರೂಪ್‌ಗೆ ಮಾತ್ರ. ಜನ ಬರುತ್ತಾರೆ, ಹೋಗುತ್ತಾರೆ, ವಿಭಾಗ ಬದಲಾಯಿಸುತ್ತಾರೆ. ಗ್ರೂಪ್‌ನಿಂದ ಹೆಸರು ತೆಗೆದರೆ ಎಲ್ಲ ಕಡೆಯಿಂದಲೂ ಹೋಯಿತು. ಮೇಲ್ ಅಡ್ರೆಸ್ ಇರುವ ಸೆಕ್ಯೂರಿಟಿ ಗ್ರೂಪ್ (ಅನುಮತಿ ಕೊಡಲು ಬರುವ ಜಾತಿಯ ಗ್ರೂಪ್) ಬೇಕು, ಸುಮ್ನೆ ಡಿಸ್ಟ್ರಿಬ್ಯೂಷನ್ ಗ್ರೂಪ್‌ಗೆ ಪರ್ಮಿಷನ್ ಕೊಡಲು ಬರುವುದಿಲ್ಲ. ಹೀಗೆ ಐದು ಗ್ರೂಪ್ ಮಾಡಿದೆ. ಯಾರಿಗೂ ಬೇರೆ ಹೇಳದಿದ್ದರೆ ಅನ್ವಯಿಸುವ ಡಿಫಾಲ್ಟ್ ಸಾಲನ್ನು "ಏನೂ ಇಲ್ಲ" ಅಂತ ಮಾಡಿದೆ. ಕಡತದ ಫೋಲ್ಡರ್‌ಗಳಲ್ಲಿ ಸಾಮಾನ್ಯರಿಗೆ ಆಥರ್ ಮಟ್ಟ. ಅಂದರೆ ಹಾಕಬಹುದು, ಓದಬಹುದು, ತಾನು ಹಾಕಿದ್ದನ್ನು ಬಿಟ್ಟು ಬೇರೆಯವರದ್ದನ್ನು ಅಳಿಸುವ ಹಾಗಿಲ್ಲ.

ಆದರೂ ಒಂದು ಅನಾಹುತ ಆಯಿತು. ಇಂಪೋರ್ಟ್‌ನ ಒಳಗೆ "ರೇಟ್" ಅಂತ ಒಂದು ಫೋಲ್ಡರ್ ಬೇಕು, ಮೂರು ಜನ ಮಾತ್ರ ನೋಡುವುದು ಅಂದಿದ್ದರು. ಯಾವ ಗಿರಾಕಿಗೆ ಎಷ್ಟು ಚಾರ್ಜ್ ಅನ್ನುವ ಕೊಟೇಷನ್‌ಗಳು. ಮಾಡಿಕೊಟ್ಟೆ. ಹೊಸ ಫೋಲ್ಡರ್ ಹುಟ್ಟುವಾಗ ಮೇಲಿನ ಫೋಲ್ಡರ್‌ನ ಪರ್ಮಿಷನ್ ಹಾಗೇ ಎತ್ತಿಕೊಂಡು ಹುಟ್ಟುತ್ತದೆ. ಅದನ್ನು ತಕ್ಷಣ ತೆಗೆಯಬೇಕಿತ್ತು. ಅಷ್ಟರಲ್ಲಿ ಸಹಾರ್‌ನಿಂದ ಫೋನ್ ಬಂತು, ಪ್ರಿಂಟರ್ ಕೆಟ್ಟಿದೆ ಅಂತ. ಎದ್ದು ಹೋದೆ. ಎರಡು ದಿನ ಆ ಕೊಟೇಷನ್‌ಗಳು ಇಡೀ ಇಂಪೋರ್ಟ್ ವಿಭಾಗಕ್ಕೆ ಕಾಣುತ್ತಿದ್ದವು. ಒಬ್ಬ ಹೊಸ ಹುಡುಗ ಬಂದು "ಸರ್, ಇದು ನಾನು ನೋಡಬೇಕಾದ್ದಾ?" ಅಂತ ಕೇಳಿದ. ಅವನ ಪ್ರಾಮಾಣಿಕತೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲಿಂದ ಗುಟ್ಟಿನ ಫೋಲ್ಡರ್‌ಗಳನ್ನು ಬೇರೆಯೇ ಕವಲಿನಲ್ಲಿ ಇಟ್ಟೆ, ತೆರೆದ ಫೋಲ್ಡರ್‌ನ ಹೊಟ್ಟೆಯೊಳಗೆ ಅಲ್ಲ. ಇದರ ಉಲ್ಟಾ ಕೂಡ ನೆನಪಿಡಬೇಕು. ಮೇಲಿನ ಫೋಲ್ಡರ್‌ನ ಪರ್ಮಿಷನ್ ಆಮೇಲೆ ಬದಲಾಯಿಸಿದರೆ ಒಳಗಿನವು ತಾವಾಗಿ ಬದಲಾಗುವುದಿಲ್ಲ. ಒಳಗಿನ ಎಲ್ಲದಕ್ಕೂ ಅನ್ವಯಿಸು ಅನ್ನುವ ಚೌಕಕ್ಕೆ ಗುರುತು ಹಾಕಲೇಬೇಕು.

ಅಡ್ರೆಸ್ ಬದಲಾಯಿಸುವ ಕೆಲಸಕ್ಕೆ ಒಂದು ಭಾನುವಾರ ರಾತ್ರಿ ಇಟ್ಟುಕೊಂಡೆ. ಇಂಪೋರ್ಟ್‌ನ ಅಡ್ರೆಸ್ ಹಳೆಯ ಗ್ರೂಪ್ ಹತ್ತಿರ ಇತ್ತು. ಒಂದೇ ಅಡ್ರೆಸ್ ಎರಡು ಕಡೆ ಇರಲು ಬರುವುದಿಲ್ಲ. ಗ್ರೂಪ್ ಅಳಿಸಬೇಕು, ಫೋಲ್ಡರ್‌ಗೆ ಮೇಲ್ ಚಾಲೂ ಮಾಡಬೇಕು, ಅಡ್ರೆಸ್ ಕೊಡಬೇಕು. ಮನೆಯಿಂದಲೇ ವಿಪಿಎನ್ ಹಾಕಿಕೊಂಡು ಆಫೀಸಿನ ನೆಟ್‌ವರ್ಕ್ ಸೇರಿ, ಅಡುಗೆಮನೆಯ ಪಕ್ಕದ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಆಫೀಸಿನ ಅಕೌಂಟ್‌ನಿಂದ ಒಂದು ಮೇಲ್ ಕಳಿಸಿ ನೋಡಿದೆ. ಫೋಲ್ಡರ್‌ಗೆ ಬಂತು. ಲ್ಯಾಪ್‌ಟಾಪ್ ಮುಚ್ಚಬೇಕು ಅನ್ನುವಷ್ಟರಲ್ಲಿ ಯಾಕೋ ನನ್ನ ಫೋನಿನ ಸ್ವಂತ ಅಕೌಂಟ್‌ನಿಂದಲೂ ಒಂದು ಕಳಿಸಿದೆ. ಎರಡೇ ನಿಮಿಷ. ವಾಪಸ್ ಬಂತು. ತಲುಪಲಿಲ್ಲ ಅಂತ.

ಗಂಟೆ 10 ದಾಟಿತ್ತು. ಬೆಳಿಗ್ಗೆ ಆದರೆ ಎಲ್ಲ ಶಿಪ್ಪಿಂಗ್ ಲೈನ್‌ಗಳ ಮೇಲ್ ಹೀಗೇ ವಾಪಸ್ ಹೋಗುತ್ತವೆ. ಮೊದಲು ಅಡ್ರೆಸ್ ನೋಡಿದೆ, ಸರಿ ಇದೆ. ಸರ್ವರ್‌ನ ಲಾಗ್ ನೋಡಿದೆ. ಮೇಲ್ ನಮ್ಮ ಬಾಗಿಲವರೆಗೆ ಬಂದಿದೆ, ಫೋಲ್ಡರ್ ಒಳಗೆ ಬಿಟ್ಟುಕೊಂಡಿಲ್ಲ. ಆಗ ಹೊಳೆಯಿತು. ಡಿಫಾಲ್ಟ್ ಸಾಲಿನ ಜೊತೆ ಅನಾನಿಮಸ್ ಅನ್ನುವ ಇನ್ನೊಂದು ಸಾಲು ಇರುತ್ತದೆ. ಹೊರಗಿನವರು ಎಕ್ಸ್‌ಚೇಂಜ್‌ನ ಲೆಕ್ಕದಲ್ಲಿ ಅನಾನಿಮಸ್. ಅವರಿಗೆ ಫೋಲ್ಡರ್‌ನಲ್ಲಿ ಐಟಂ ಹಾಕುವ ಅನುಮತಿ ಬೇಕು, ಓದುವುದು ಬೇಡ, ಹಾಕುವುದು ಮಾತ್ರ. ಅಂಚೆ ಡಬ್ಬದ ಹಾಗೆ. ಆ ಒಂದು ಅನುಮತಿ ಕೊಟ್ಟು ಮತ್ತೆ ಫೋನಿನಿಂದ ಕಳಿಸಿದೆ. ಬಂತು. ಹೆಂಡತಿಯ ಫೋನಿನಿಂದಲೂ ಒಂದು ಕಳಿಸಿದೆ, ಅಟ್ಯಾಚ್‌ಮೆಂಟ್ ಸಮೇತ. ಅದೂ ಬಂತು. ಆಮೇಲೆ ಊಟ ಮಾಡಿದೆ.

ಸೋಮವಾರ ಬೆಳಿಗ್ಗೆ ಒಳಗಿನವರ ಮೇಲ್ ವಾಪಸ್ ಬರಲು ಶುರುವಾಯಿತು. ಹೊರಗಿನವರದ್ದು ಸರಿ, ನಮ್ಮವರದ್ದೇ ಇಲ್ಲ. ಔಟ್‌ಲುಕ್‌ನಲ್ಲಿ ಎರಡು ಅಕ್ಷರ ಒತ್ತಿದರೆ ಹಳೆಯ ಹೆಸರು ತಾನಾಗಿ ಬರುತ್ತದಲ್ಲ, ಅದು ನೆನಪಿಟ್ಟುಕೊಂಡಿರುವುದು ನಮಗೆ ಕಾಣುವ ಮೇಲ್ ಅಡ್ರೆಸ್ ಅಲ್ಲ, ಹಳೆಯ ಗ್ರೂಪ್‌ನ ಒಳಗಿನ ಗುರುತು. ಗ್ರೂಪ್ ಅಳಿಸಿದ ಮೇಲೆ ಆ ಗುರುತಿಗೆ ವಾರಸುದಾರರಿಲ್ಲ. ಹಳೆಯ ಗುರುತನ್ನು ಹೊಸ ಫೋಲ್ಡರ್‌ಗೆ ಎಕ್ಸ್500 ಅನ್ನುವ ಜಾತಿಯ ಇನ್ನೊಂದು ಅಡ್ರೆಸ್ ಆಗಿ ಸೇರಿಸಿದ ಮೇಲೆ ಸರಿಹೋಯಿತು. ಅಳಿಸುವ ಮೊದಲೇ ಆ ಗುರುತನ್ನು ಬರೆದಿಟ್ಟುಕೊಂಡಿದ್ದೆ, ಬಚಾವಾದೆ.

ಅದೇ ವಾರ ನ್ಹಾವಾ ಶೇವಾದಿಂದ ಫೋನ್. "ಆಗಸ್ಟ್ ಫೋಲ್ಡರ್ ಮಾಡಿದ್ದೇವೆ ಅಂತ ಅಲ್ಲಿಂದ ಹೇಳ್ತಾರೆ, ನಮ್ಗೆ ಕಾಣುದಿಲ್ಲ ಮಾರಾಯ್ರೆ." ಮರದ ಬದಲಾವಣೆ ಮೂಲ ಪ್ರತಿಯಿಂದ ಬೇರೆ ಮೇಲ್‌ಬಾಕ್ಸ್‌ಗಳಿಗೆ ಹೋಗಲು ಹದಿನೈದು ನಿಮಿಷದಷ್ಟು ಹಿಡಿಯುತ್ತದೆ. ಒಂದು ಚಹಾ ಕುಡಿದು ಬನ್ನಿ ಅಂದೆ. ಚಹಾ ಮುಗಿಯುವಷ್ಟರಲ್ಲಿ ಕಂಡಿತು. ಅಲ್ಲಿಯ ಲೈನ್ ನಿಧಾನ ಇತ್ತು. ಪಬ್ಲಿಕ್ ಫೋಲ್ಡರ್ ಸಾಮಾನ್ಯವಾಗಿ ಪ್ರತಿ ಸಲ ಸರ್ವರ್‌ನಿಂದಲೇ ಓದುತ್ತದೆ. ಹಾಗಾಗಿ ಅವರಿಗೆ ಬೇಕಾದ ಫೋಲ್ಡರ್ ಒಂದನ್ನು ಮಾತ್ರ ಫೇವರಿಟ್ಸ್‌ಗೆ ಸೇರಿಸಿ, ಅದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಹಾಗೆ ಮಾಡಿದೆ. ಇದಕ್ಕೆ ನಾನೇ ಹೋಗಬೇಕಾಯಿತು, ವಾಶಿ, ಬೇಲಾಪುರ ಸುತ್ತಿಕೊಂಡು.

ಎರಡನೆಯ ವಾರ ನಿಜವಾದ ಕಷ್ಟ ಎದುರಾಯಿತು. ಒಬ್ಬ ಗಿರಾಕಿ ಧಣಿಗಳಿಗೆ ಫೋನ್ ಮಾಡಿ ಕೇಳಿದ, ಒಂದೇ ಪ್ರಶ್ನೆಗೆ ನಿಮ್ಮಲ್ಲಿಂದ ಎರಡು ಉತ್ತರ ಬಂದಿದೆ, ಯಾವುದು ಸರಿ ಅಂತ. ಒಬ್ಬ ಕಸ್ಟಮ್ಸ್ ಡ್ಯೂಟಿ ಇಷ್ಟಾಗುತ್ತದೆ ಅಂದಿದ್ದ, ಇನ್ನೊಬ್ಬಳು ಬೇರೆ ಅಂಕಿ ಕೊಟ್ಟಿದ್ದಳು. ಇಬ್ಬರನ್ನೂ ಕೂರಿಸಿ ಕೇಳಿದೆ.

"ಅವಳು ನೋಡಿದ್ದಾಳೆ ಅಂತ ನನಗೆ ಹೇಗೆ ಗೊತ್ತಾಗಬೇಕು ಸರ್? ನನ್ನಲ್ಲಿ ಮೇಲ್ ದಪ್ಪ ಅಕ್ಷರದಲ್ಲೇ ಇತ್ತು."

ಅವಳ ಪರದೆಯಲ್ಲಿ ನೋಡಿದರೆ ಅದೇ ಮೇಲ್ ತೆಳು ಅಕ್ಷರ. ಓದಿ ಆಗಿದೆ. ಇಬ್ಬರ ಕಂಪ್ಯೂಟರ್ ಅಕ್ಕಪಕ್ಕ. ಒಂದೇ ಫೋಲ್ಡರ್, ಒಂದೇ ಮೇಲ್, ಇಲ್ಲಿ ಹೊಸದು, ಅಲ್ಲಿ ಹಳೆಯದು. ನಾನು ಎರಡು ಪರದೆಗಳ ನಡುವೆ ನಿಂತು ಸುಮಾರು ಹೊತ್ತು ನೋಡಿದೆ. ಪಬ್ಲಿಕ್ ಫೋಲ್ಡರ್‌ನಲ್ಲಿ ಓದಿದ್ದು, ಓದದ್ದು ಅನ್ನುವ ಲೆಕ್ಕ ಒಬ್ಬೊಬ್ಬರಿಗೆ ಬೇರೆ ಬೇರೆ. ಸುತ್ತೋಲೆಗೆ ಅದು ಬಹಳ ಒಳ್ಳೆಯದು, ನಾನು ಓದಿಲ್ಲದ್ದು ನನಗೆ ಗೊತ್ತಾಗಬೇಕು. ಆದರೆ ಒಂಬತ್ತು ಜನ ಸೇರಿ ಒಂದು ಕೆಲಸ ಹಂಚಿಕೊಳ್ಳುವ ಕಡೆ ಅದು ಪೂರ್ತಿ ಉಲ್ಟಾ. ಅಲ್ಲಿ ಒಬ್ಬರು ಕೈಗೆತ್ತಿಕೊಂಡದ್ದು ಎಲ್ಲರಿಗೂ ಗೊತ್ತಾಗಬೇಕು.

ಯಾರು ಕೈಗೆತ್ತಿಕೊಂಡರೋ ಅವರು ತಮ್ಮ ಹೆಸರಿನ ಒಳ ಫೋಲ್ಡರ್‌ಗೆ ಮೇಲ್ ಎಳೆದುಕೊಳ್ಳಲಿ ಅಂತ ಮೊದಲು ಯೋಚಿಸಿದೆ. ಎಳೆಯುವುದು ಅಂದರೆ ಇಲ್ಲಿ ಅಳಿಸಿ ಅಲ್ಲಿ ಹಾಕುವುದು. ನಾನು ಅಳಿಸುವ ಅನುಮತಿ ಕಿತ್ತುಕೊಂಡಿದ್ದೆ. ಕೊಟ್ಟರೆ ದಾಖಲೆಗೆ ಅಪಾಯ, ಕೊಡದಿದ್ದರೆ ಕೆಲಸ ಆಗುವುದಿಲ್ಲ. ಎರಡು ದಿನ ಇದನ್ನೇ ಯೋಚಿಸಿ, ಮೂರನೆಯ ದಿನ ಅಕ್ಕನ ಕಪಾಟಿನ ಎದುರು ಹೋಗಿ ನಿಂತೆ. ಕಪಾಟಿಗೆ ಹೋಗುವ ಮೊದಲು ಅಕ್ಕನ ಫೈಲುಗಳು ಮೇಜಿನ ಮೇಲಿನ ಟ್ರೇಯಲ್ಲಿ ಇರುತ್ತವೆ. ಕೆಲಸ ಮುಗಿದ ಮೇಲೆ ಕಪಾಟು. ಟ್ರೇ ಬೇರೆ, ಕಪಾಟು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಟ್ರೇ ಕೆಲಸಕ್ಕೆ ಶೇರ್ಡ್ ಮೇಲ್‌ಬಾಕ್ಸ್, ಅಂದರೆ ಹಲವರು ಸೇರಿ ಬಳಸುವ ಒಂದೇ ಮೇಲ್‌ಬಾಕ್ಸ್, ಸರಿ. ಅದರಲ್ಲಿ ಒಬ್ಬರು ಓದಿದರೆ ಎಲ್ಲರಿಗೂ ಓದಿದ ಹಾಗೆ ಕಾಣುತ್ತದೆ. ಆಗಸ್ಟ್‌ನಲ್ಲಿ ಇಂಪೋರ್ಟ್ ಅಡ್ರೆಸ್ ಅನ್ನು ಫೋಲ್ಡರ್‌ನಿಂದ ಬಿಡಿಸಿ ಶೇರ್ಡ್ ಮೇಲ್‌ಬಾಕ್ಸ್‌ಗೆ ಕೊಟ್ಟೆ. ಪಬ್ಲಿಕ್ ಫೋಲ್ಡರ್ ಕಪಾಟಾಗಿ ಉಳಿಯಿತು. ಜಾಬ್ ಮುಗಿದಾಗ ಸಬ್ಜೆಕ್ಟ್‌ನಲ್ಲಿ ಜಾಬ್ ನಂಬರ್ ಹಾಕಿ, ಆ ತಿಂಗಳ ಫೋಲ್ಡರ್‌ಗೆ ಎಲ್ಲ ಮೇಲ್ ಸೇರಿಸುವುದು. ಶೇರ್ಡ್ ಮೇಲ್‌ಬಾಕ್ಸ್‌ನಲ್ಲೂ ಎರಡು ವಿಷಯ ಗಮನಿಸಬೇಕು. ಅದರ ಹೆಸರಲ್ಲಿ ಕಳಿಸಿದ ಉತ್ತರ ಸಾಮಾನ್ಯವಾಗಿ ಕಳಿಸಿದವರ ಸೆಂಟ್ ಐಟಮ್ಸ್‌ಗೆ ಹೋಗುತ್ತದೆ, ನಮ್ಮ ಹಳೆಯ ರೋಗ ಅದೇ ಅಲ್ವಾ? ಶೇರ್ಡ್ ಮೇಲ್‌ಬಾಕ್ಸ್‌ನಲ್ಲೂ ಒಂದು ಪ್ರತಿ ಉಳಿಯುವ ಹಾಗೆ ಸರ್ವರ್‌ನಲ್ಲಿ ಹೇಳಿ ಇಡಬೇಕು. ಇನ್ನೊಂದು, ಅನುಮತಿಯನ್ನು ಗ್ರೂಪ್‌ಗೆ ಕೊಟ್ಟರೆ ಮೇಲ್‌ಬಾಕ್ಸ್ ಔಟ್‌ಲುಕ್‌ನಲ್ಲಿ ತಾನಾಗಿ ಬಂದು ಕೂರುವುದಿಲ್ಲ, ಒಬ್ಬೊಬ್ಬರಿಗೆ ನೇರ ಕೊಟ್ಟರೆ ಮಾತ್ರ. ನನ್ನ ಗ್ರೂಪ್ ನಿಯಮ ಬಿಡಲು ಮನಸ್ಸಿರಲಿಲ್ಲ. ನಾನೂ ಸಹಾಯಕನೂ ಪ್ರತಿ ಕಂಪ್ಯೂಟರ್‌ಗೆ ಹೋಗಿ ಕೈಯಾರೆ ಸೇರಿಸಿದೆವು.

ಪಿಎಸ್‌ಟಿಗಳನ್ನು ಸೇರಿಸಲು ಸೆಪ್ಟೆಂಬರ್ ಪೂರ್ತಿ ಹೋಯಿತು. ಕೊನೆಯ 5 ವರ್ಷದ್ದು ಮಾತ್ರ, ಜಾಬ್ ಗುರುತು ಇರುವುದು ಮಾತ್ರ. ರಾತ್ರಿ ಹೊತ್ತು ಎಳೆದು ಬಿಡುವುದು, ಬೆಳಿಗ್ಗೆ ಎಣಿಸುವುದು. ಒಂದು ಪಿಎಸ್‌ಟಿ ತೆರೆಯಲೇ ಇಲ್ಲ, ಅದರ ಡಿಸ್ಕ್ ಹಾಳಾಗಿತ್ತು. ಏಳು ತಿಂಗಳ ಮೇಲ್ ಹೋಯಿತು. ಅಕ್ಕನ ಕಾಗದದ ಫೈಲು ಇದ್ದುದರಿಂದ ದಾಖಲೆ ಉಳಿಯಿತು.

ಒಂದು ಕೊರತೆ ಉಳಿದೇಬಿಟ್ಟಿತು. ಡಾಕ್‌ನಲ್ಲಿ, ಯಾರ್ಡ್‌ನಲ್ಲಿ ಓಡಾಡುವ ನಮ್ಮ ಹುಡುಗರ ಕೈಯಲ್ಲಿರುವುದು ಫೋನ್. ಫೋನಿನ ಮೇಲ್‌ನಲ್ಲಿ ಪಬ್ಲಿಕ್ ಫೋಲ್ಡರ್ ಕಾಣುವುದಿಲ್ಲ. ಬಿಸಿಲಲ್ಲಿ ಗೇಟಿನ ಎದುರು ನಿಂತವನಿಗೆ ಡೆಲಿವರಿ ಆರ್ಡರ್‌ನ (ಸರಕು ಬಿಟ್ಟುಕೊಡಿ ಅಂತ ಶಿಪ್ಪಿಂಗ್ ಲೈನ್ ಕೊಡುವ ಪತ್ರ) ಪ್ರತಿ ಬೇಕಾದರೆ ಆಫೀಸಿನಿಂದ ಯಾರಾದರೂ ಕಳಿಸಲೇಬೇಕು. ಅವರಿಗೆ ಈ ಏರ್ಪಾಡಿನಿಂದ ನೇರವಾಗಿ ಏನೂ ಸಿಗಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ.

2021ರಲ್ಲಿ ಒಂದು ದಿನ, 2017ರ ಒಂದು ಜಾಬ್ ಬಗ್ಗೆ ಕಸ್ಟಮ್ಸ್‌ನಿಂದ ವಿಚಾರಣೆ ಬಂತು. ಅಕ್ಕ ಕೂತಲ್ಲಿಂದ ಎದ್ದಿಲ್ಲ. ವರ್ಷ, ತಿಂಗಳು, ಜಾಬ್ ನಂಬರ್. ಹನ್ನೊಂದು ಮೇಲ್ ಒಂದರ ಕೆಳಗೊಂದು ಬಂದು ನಿಂತವು, ಇನ್‌ವಾಯ್ಸ್‌ನಿಂದ ಹಿಡಿದು ಕೊನೆಯ ಡೆಲಿವರಿವರೆಗೆ. ಅಕ್ಕ ನನ್ನನ್ನು ಕರೆದು ಪರದೆ ತೋರಿಸಿದರು. ಏನೂ ಹೇಳಲಿಲ್ಲ, ಬೆರಳಿಂದ ತೋರಿಸಿದರು ಅಷ್ಟೇ.

ಎಕ್ಸ್‌ಚೇಂಜ್ 2016ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಮರವನ್ನು ಬೇರೆ ಕಡೆ ಸಾಗಿಸುವ ಕೆಲಸ ಈಗ ನನ್ನ ಮುಂದಿದೆ. ಪಟ್ಟಿ ತೆಗೆದು ನೋಡಿದೆ. 412 ಫೋಲ್ಡರ್. 61 ಖಾಲಿ. ಅಕ್ಕ ಹೋದ ವರ್ಷ ನಿವೃತ್ತರಾದರು, "ಯಾರದು" ಕಾಲಂನಲ್ಲಿ ಅವರ ಹೆಸರಿನ ಎದುರು ಇರುವ 14 ಫೋಲ್ಡರ್‌ಗಳಲ್ಲಿ 12ಕ್ಕೆ ಹೊಸ ಹೆಸರು ಬಂದಿದೆ. ಉಳಿದ ಎರಡು ನ್ಹಾವಾ ಶೇವಾದವು. ಮುಂಬೈಯಿಂದ ಆ ಕಡೆಗೆ ಸಮುದ್ರದ ಮೇಲೆ ಕಟ್ಟಿದ ಅಟಲ್ ಸೇತು ಆದ ಮೇಲೆ ಅಲ್ಲಿಗೆ ಹೋಗುವುದು ಸುಲಭ. ಶುಕ್ರವಾರ ನೋಟ್‌ಬುಕ್ ಹಿಡಿದು ಹೋಗುತ್ತಿದ್ದೇನೆ.